ಮಗಳು ರಜೆಯಲ್ಲಿ ಒಬ್ಬಳೇ ಯುರೋಪಿನಲ್ಲಿ ಪ್ರಯಾಣ ಹೊರಟಿದ್ದಾಳೆ: ಒಪ್ಪುವ ಮೊದಲು ನಾವು ಏನೇನು ನೋಡಿಕೊಳ್ಳಬೇಕು?

ವಿರಾಜಪೇಟೆಯ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಅಲ್ಲಿ ಚಳಿಗಾಲದ ಸೆಮಿಸ್ಟರಿನ ತರಗತಿಗಳು ಫೆಬ್ರವರಿಯಲ್ಲಿ ಮುಗಿದರೆ ಮತ್ತೆ ಆರಂಭವಾಗುವುದು ಏಪ್ರಿಲ್‌ನಲ್ಲಿ. ಪರೀಕ್ಷೆಗಳು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ಎರಡು ವಾರ ಪ್ರಾಗ್, ವಿಯೆನ್ನಾ, ಸ್ಲೊವೇನಿಯಾದ ಲ್ಯುಬ್ಲಿಯಾನಾ, ಇಟಲಿಯ ಟ್ರಿಯೆಸ್ಟೆ ಮಾರ್ಗವಾಗಿ ವೆನಿಸ್‌ವರೆಗೆ ರೈಲಿನಲ್ಲಿ ಹೋಗಿ ಬರುತ್ತೇನೆ ಎಂದು ಕೇಳಿದ್ದಾಳೆ. ಜೊತೆಗೆ ಬರಬೇಕಿದ್ದ ಗೆಳತಿ ರಜೆಗೆ ಊರಿಗೆ ಬರುತ್ತಿರುವುದರಿಂದ ತಾನು ಒಬ್ಬಳೇ ಹೊರಡುವುದಾಗಿ ಹೇಳುತ್ತಾಳೆ.

ಮನೆಯಲ್ಲಿ ಈ ವಿಷಯವಾಗಿ ಒಮ್ಮತ ಮೂಡಿಲ್ಲ. ನನ್ನ ಯಜಮಾನರಿಗೆ ಖರ್ಚಿಗಿಂತ ಅವಳು ಒಬ್ಬಳೇ ಹೋಗುತ್ತಾಳಲ್ಲ ಎಂಬ ಚಿಂತೆಯೇ ದೊಡ್ಡದಾಗಿದೆ. ನನ್ನ ಅತ್ತೆಯವರು ನೇರವಾಗಿಯೇ ಬೇಡ ಎಂದಿದ್ದಾರೆ. ನನಗಾದರೋ, ಪರದೇಶದಲ್ಲಿ ಮನೆ ಹುಡುಕಿಕೊಂಡು, ಬ್ಯಾಂಕು ಮತ್ತು ಕಚೇರಿಗಳ ಕೆಲಸವನ್ನು ತಾನೇ ಮಾಡಿಕೊಂಡು ಬದುಕುತ್ತಿರುವವಳಿಗೆ ರೈಲು ಹತ್ತಬೇಡ ಎಂದು ಹೇಳುವುದು ಸರಿಯೆನಿಸುತ್ತಿಲ್ಲ. ಆದರೆ ಏನೂ ತಿಳಿಯದೆ ಹೂಂ ಎನ್ನುವುದಕ್ಕೂ ಮನಸ್ಸು ಬರುತ್ತಿಲ್ಲ. ಹೋಗಲಿ ಅಥವಾ ಬೇಡ ಎಂಬ ಒಂದು ಮಾತಿಗಿಂತ, ಯಾವ ಯಾವ ವಿಷಯಗಳನ್ನು ಖಚಿತಪಡಿಸಿಕೊಂಡ ಮೇಲೆ ಒಪ್ಪಬಹುದು ಎಂಬುದನ್ನು ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದವರೂ ಅಲ್ಲಿ ಓದಿ ಬಂದವರೂ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.


ನಾಪೋಕ್ಲಿನ ಹಿರಿಯ

ಅಮ್ಮಾ, ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ನಾನು ಹೆಣ್ಣುಮಕ್ಕಳು ಹೊರಗೆ ಹೋಗಬಾರದು ಎನ್ನುವವನಲ್ಲ. ನನ್ನ ಮೊಮ್ಮಗಳು ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಳೆ. ಆದರೆ ಓದುವ ಊರಿನಲ್ಲಿ ಇರುವುದು ಬೇರೆ, ಗುರುತಿಲ್ಲದ ಊರುಗಳನ್ನು ಒಂದರ ಹಿಂದೆ ಒಂದರಂತೆ ದಾಟಿಕೊಂಡು ಹೋಗುವುದು ಬೇರೆ. ಓದುವ ಊರಿನಲ್ಲಿ ಸಹಪಾಠಿಗಳಿದ್ದಾರೆ, ವಿಶ್ವವಿದ್ಯಾಲಯವಿದೆ, ಒಂದು ದಿನ ತರಗತಿಗೆ ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರಿದ್ದಾರೆ. ಪ್ರವಾಸದಲ್ಲಿ ಜ್ವರ ಬಂದು ಮಲಗಿದರೆ ಒಂದು ಲೋಟ ಬಿಸಿನೀರು ಕೊಡುವವರು ಯಾರು? ಅಲ್ಲದೆ, ಅಲ್ಲಿನ ಬಹಳಷ್ಟು ವಿದ್ಯಾರ್ಥಿಗಳು ರಜೆಯಲ್ಲಿ ಕೆಲಸ ಮಾಡಿ ಮುಂದಿನ ಸೆಮಿಸ್ಟರಿನ ಖರ್ಚಿಗೆ ಹಣ ಕೂಡಿಸಿಕೊಳ್ಳುತ್ತಾರೆ. ಸಾಲ ಮಾಡಿ ಕಳುಹಿಸಿದ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಗೆಳತಿ ಹಿಂದಿರುಗಿದ ಮೇಲೆ, ಬೇಸಿಗೆಯ ರಜೆಯಲ್ಲಿ, ಇಬ್ಬರೂ ಕೂಡಿ ಹೋಗಲಿ ಎಂಬುದು ನನ್ನ ಅಭಿಪ್ರಾಯ.


ಗೋಣಿಕೊಪ್ಪದ ಹಳೆಯ ವಿದ್ಯಾರ್ಥಿನಿ

ಅಕ್ಕಾ, ನಾನು ಜರ್ಮನಿಯಲ್ಲಿ ಓದು ಮುಗಿಸಿ ಊರಿಗೆ ಹಿಂದಿರುಗಿದವಳು. ರಜೆಗಳಲ್ಲಿ ಗುಂಪಿನೊಡನೆಯೂ ಹೋಗಿದ್ದೇನೆ, ಒಬ್ಬಳೇ ಕೂಡ ಹೋಗಿದ್ದೇನೆ. ಹಿರಿಯರು ಹೇಳಿದ ಜ್ವರದ ಮಾತು ನಿಜವಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಜೊತೆಗಾರರಿದ್ದರೆ ಸುರಕ್ಷಿತ, ಇಲ್ಲದಿದ್ದರೆ ಅಪಾಯ ಎಂಬ ಲೆಕ್ಕ ನನ್ನ ಅನುಭವಕ್ಕೆ ಹೊಂದುವುದಿಲ್ಲ. ವಿದ್ಯಾರ್ಥಿಗಳಿಗೆ ಪ್ರವಾಸದಲ್ಲಿ ಒದಗುವ ಕಷ್ಟಗಳಲ್ಲಿ ಹೆಚ್ಚಿನವು ಕಾಗದಪತ್ರದ ಕಷ್ಟಗಳು, ತಪ್ಪಿದ ರೈಲಿನ ಕಷ್ಟಗಳು, ಕಳೆದುಹೋದ ಕಾರ್ಡಿನ ಕಷ್ಟಗಳು. ಗೆಳತಿ ಪಕ್ಕದಲ್ಲಿದ್ದ ಮಾತ್ರಕ್ಕೆ ಇವು ಯಾವುವೂ ತಪ್ಪುವುದಿಲ್ಲ. ಹೊರಡುವ ಮೊದಲೇ ನೋಡಿಕೊಂಡರೆ ಹೆಚ್ಚಿನವು ತಪ್ಪುತ್ತವೆ. ಆದ್ದರಿಂದ ನಿಮ್ಮ ಮಗಳನ್ನು ಯಾರ ಜೊತೆ ಹೋಗುತ್ತೀ ಎಂದು ಕೇಳುವ ಮೊದಲು ಮುಂದಿನ ವಿಷಯಗಳನ್ನು ಕೇಳಿ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ನಿವಾಸ ಪರವಾನಗಿಯ ಕಾರ್ಡು. ಜರ್ಮನಿಯ ನಿವಾಸ ಪರವಾನಗಿಯೂ ಪಾಸ್‌ಪೋರ್ಟೂ ಚಾಲ್ತಿಯಲ್ಲಿದ್ದರೆ ಷೆಂಗೆನ್ ವಲಯದ (ತಮ್ಮ ನಡುವಿನ ಕಾಯಂ ಗಡಿ ತಪಾಸಣೆಯನ್ನು ಕೈಬಿಟ್ಟ ಯುರೋಪಿನ ದೇಶಗಳ ಕೂಟ) ಉಳಿದ ದೇಶಗಳಿಗೆ ಬೇರೆ ವೀಸಾ ಇಲ್ಲದೆ, ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಹೋಗಿ ಬರಬಹುದು. ಈಗ ಆ ವಲಯದಲ್ಲಿ 29 ದೇಶಗಳಿವೆ. ನಿಮ್ಮ ಮಗಳು ಹೇಳಿದ ಜೆಕ್, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ ನಾಲ್ಕೂ ಅದರೊಳಗೇ ಬರುತ್ತವೆ. ಬ್ರಿಟನ್ ಮತ್ತು ಐರ್ಲೆಂಡ್ ಬರುವುದಿಲ್ಲ. ಆದರೆ ಕಾರ್ಡಿನ ಅವಧಿ ಮುಗಿದು ನವೀಕರಣದ ಅರ್ಜಿ ವಿದೇಶಿಯರ ಕಚೇರಿಯಲ್ಲಿ ಬಾಕಿಯಿದ್ದರೆ ವಿಷಯ ಬೇರೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಕೊಡುವ ತಾತ್ಕಾಲಿಕ ಪತ್ರವನ್ನು ಹಿಡಿದು ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬರಬಹುದೇ ಎಂಬುದನ್ನು ಆ ಕಚೇರಿಯಿಂದಲೇ ಲಿಖಿತವಾಗಿ ಕೇಳಿ ತಿಳಿಯದೆ ಟಿಕೆಟು ಕೊಳ್ಳಬಾರದು. ಗಡಿಯಿಲ್ಲದ ಯುರೋಪು ಎಂದು ಹೇಳುವುದನ್ನು ಕೇಳಿ ಕಾರ್ಡನ್ನು ಕೋಣೆಯಲ್ಲಿ ಬಿಟ್ಟು ಹೋಗುವ ಮಕ್ಕಳಿದ್ದಾರೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂ ಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ಆರಂಭಿಸಿತು. ಇಟಲಿ 2023ರ ಅಕ್ಟೋಬರಿನಲ್ಲೇ ಸ್ಲೊವೇನಿಯಾದ ಗಡಿಯಲ್ಲಿ ಆರಂಭಿಸಿತ್ತು. ನಿಮ್ಮ ಮಗಳ ದಾರಿ ಈ ಗಡಿಗಳ ಮೂಲಕವೇ ಹಾದುಹೋಗುತ್ತದೆ. ಮೊಬೈಲಿನಲ್ಲಿರುವ ಚಿತ್ರ ಸಾಲದು, ಮೂಲ ಪಾಸ್‌ಪೋರ್ಟೂ ಮೂಲ ಕಾರ್ಡೂ ಅವಳ ಮೈಮೇಲೆಯೇ ಇರಬೇಕು.

ಎರಡನೆಯದನ್ನು ಮನೆಯವರು ಯಾರೂ ಕೇಳುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಮರುನೋಂದಣಿ ಮಾಡಿಸಿ ಸೆಮಿಸ್ಟರ್ ಶುಲ್ಕ ಕಟ್ಟುವ ಗಡುವು ಅನೇಕ ವಿಶ್ವವಿದ್ಯಾಲಯಗಳಲ್ಲಿ ಜನವರಿ–ಫೆಬ್ರವರಿಯಲ್ಲೇ ಬಂದುಬಿಡುತ್ತದೆ. ಅದು ತಪ್ಪಿದರೆ ವಿದ್ಯಾರ್ಥಿ ಪಟ್ಟಿಯಿಂದ ಹೆಸರು ಹೋಗಬಹುದು, ಹೆಸರು ಹೋದರೆ ನಿವಾಸ ಪರವಾನಗಿಗೇ ಕುತ್ತು ಬರುತ್ತದೆ. ಹಾಗೆಯೇ ತರಗತಿಗಳಿಲ್ಲದ ಅವಧಿಯೆಂದರೆ ಪರೀಕ್ಷೆಗಳಿಲ್ಲದ ಅವಧಿಯೆಂದು ಅರ್ಥವಲ್ಲ. ಕೆಲವು ವಿಷಯಗಳ ಪರೀಕ್ಷೆಯೂ ಮರುಪರೀಕ್ಷೆಯೂ ಮಾರ್ಚ್‌ನಲ್ಲೇ ಇರುತ್ತವೆ. ಈ ಎರಡನ್ನೂ ನೋಡಿಕೊಂಡಿದ್ದಾಳೆಯೇ ಎಂದು ಕೇಳಿ. ಅವಳ ಉತ್ತರ ತಡವರಿಸದೆ ಬಂದರೆ ನಿಮ್ಮ ಅರ್ಧ ಚಿಂತೆ ಅಲ್ಲಿಯೇ ಕಳೆಯುತ್ತದೆ.

ಇನ್ನು ಜ್ವರದ ವಿಷಯ. ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿರುವ ವಿದ್ಯಾರ್ಥಿಯ ವಿಮಾ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ವಿಮಾ ಕಾರ್ಡು. ಆಸ್ಟ್ರಿಯಾ, ಇಟಲಿ, ಜೆಕ್, ಸ್ಲೊವೇನಿಯಾಗಳಲ್ಲಿ ತುರ್ತಾಗಿ ಬೇಕಾದ ಚಿಕಿತ್ಸೆಯನ್ನು ಅಲ್ಲಿನ ಸರಕಾರಿ ವ್ಯವಸ್ಥೆಯಲ್ಲಿ ಅದರಿಂದ ಪಡೆಯಬಹುದು. ಆದರೆ ನಮ್ಮಂತೆ ಯುರೋಪಿಯನ್ ಒಕ್ಕೂಟದ ಹೊರಗಿನ ಪೌರತ್ವವುಳ್ಳವರಿಗೆ ಅದು ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್, ಸ್ವಿಟ್ಜರ್ಲೆಂಡ್‌ಗಳಲ್ಲಿ ನಡೆಯುವುದಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲನ್ನೂ, ಊರಿಗೆ ಕರೆತರುವ ಖರ್ಚನ್ನೂ ಅದು ಭರಿಸುವುದಿಲ್ಲ. ಆದ್ದರಿಂದ ಪ್ರತ್ಯೇಕ ಪ್ರಯಾಣ ಆರೋಗ್ಯ ವಿಮೆಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಅಲ್ಲಿನ ವಿದ್ಯಾರ್ಥಿಗಳಿಗೆ ಅದು ಭಾರವಾದ ಖರ್ಚಲ್ಲ.


ನಾಪೋಕ್ಲಿನ ಹಿರಿಯ

ನೀವು ಹೇಳಿದ ಕಾಗದಪತ್ರದ ವಿಷಯ ಒಪ್ಪಿದೆ, ಮರುನೋಂದಣಿಯ ವಿಷಯ ನನಗೂ ಹೊಸದು. ಆದರೂ ಒಂದು ಮಾತನ್ನು ನೀವು ಮುಟ್ಟಲಿಲ್ಲ. ರಾತ್ರಿ ಹೊತ್ತು ಅಪರಿಚಿತ ನಿಲ್ದಾಣದಲ್ಲಿ ಇಳಿದ ಹುಡುಗಿಗೆ ಕಾರ್ಡು ನೆರವಾಗುವುದಿಲ್ಲ.


ಗೋಣಿಕೊಪ್ಪದ ಹಳೆಯ ವಿದ್ಯಾರ್ಥಿನಿ

ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ, ರಾತ್ರಿ ಹೊತ್ತು ಅಪರಿಚಿತ ನಿಲ್ದಾಣದಲ್ಲಿ ಇಳಿಯದಂತೆಯೇ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು ಎಂಬುದು. ಮಾರ್ಚ್ ಆರಂಭದಲ್ಲಿ ಆ ಊರುಗಳಲ್ಲಿ ಸಂಜೆ ಆರರ ಆಸುಪಾಸಿಗೆ ಕತ್ತಲಾಗುತ್ತದೆ. ಮಧ್ಯಾಹ್ನ ಮೂರರೊಳಗೆ ತಲುಪುವ ರೈಲನ್ನು ಆರಿಸಿಕೊಂಡರೆ, ಎರಡು ಗಂಟೆ ತಡವಾದರೂ ಬೆಳಕಿನಲ್ಲೇ ಕೋಣೆ ಸೇರಬಹುದು. ಪ್ರತಿ ಊರಿನ ಮೊದಲ ರಾತ್ರಿಯ ಹಾಸಿಗೆಯನ್ನು ಹೊರಡುವ ಮೊದಲೇ ಕಾದಿರಿಸಬೇಕು, ಅದು ನಿಲ್ದಾಣದಿಂದ ಟ್ರಾಮಿನಲ್ಲಿ ನೇರವಾಗಿ ಹೋಗುವಷ್ಟು ಹತ್ತಿರವಿರಬೇಕು. ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳಿಗೇ ಮೀಸಲಾದ ಕೋಣೆಗಳಿರುತ್ತವೆ. ಸಾಮಾನಿನ ಕಪಾಟಿಗೆ ತನ್ನದೇ ಬೀಗ ಒಯ್ಯಬೇಕು. ಇವು ವಿದ್ಯಾರ್ಥಿಗಳಿಗೆಂದೇ ಬೆಳೆದುಬಂದ ವಸತಿಗಳು. 1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯುವ ವಸತಿಯನ್ನು ತೆರೆದವರು ರಿಚರ್ಡ್ ಷಿರ್‌ಮನ್ ಎಂಬ ಶಾಲಾ ಶಿಕ್ಷಕರು. ಮಕ್ಕಳು ರಜೆಯಲ್ಲಿ ಊರೂರು ನಡೆದು ನೋಡಲಿ ಎಂಬುದೇ ಅವರ ಉದ್ದೇಶವಾಗಿತ್ತು. ಒಬ್ಬಳೇ ಬರುವ ಹುಡುಗಿಯನ್ನು ಅಲ್ಲಿನ ಸಿಬ್ಬಂದಿ ವಿಚಿತ್ರವಾಗಿ ನೋಡುವುದಿಲ್ಲ. ಯಾವುದೇ ಮೊಬೈಲಿನಿಂದ 112 ಒತ್ತಿದರೆ ಒಕ್ಕೂಟದ ಎಲ್ಲ ದೇಶಗಳಲ್ಲೂ ಪೊಲೀಸರು, ಆಂಬುಲೆನ್ಸ್, ಅಗ್ನಿಶಾಮಕದವರು ಸಿಗುತ್ತಾರೆ, ಕರೆಗೆ ಹಣ ಬೇಕಿಲ್ಲ. ಬೇಸಿಗೆಯವರೆಗೆ ಕಾಯಲಿ ಎಂದಿರಿ. ಗೆಳತಿಯ ಬಿಡುವು, ಇವಳ ಬಿಡುವು, ಇಬ್ಬರ ಕೆಲಸ, ಇಬ್ಬರ ಪರೀಕ್ಷೆ ಎಲ್ಲವೂ ಕೂಡಿಬರುವ ರಜೆಗಾಗಿ ಕಾಯುತ್ತಾ ಓದನ್ನೇ ಮುಗಿಸಿ ಬಂದವರನ್ನು ನಾನು ಬಲ್ಲೆ.


ಸೋಮವಾರಪೇಟೆಯ ತಂದೆ

ನನ್ನ ಮಗ ಬ್ರಿಟನ್ನಿನಲ್ಲಿ ಓದುತ್ತಿದ್ದಾಗ ಬೇಸಿಗೆಯ ರಜೆಯಲ್ಲಿ ಸ್ಕಾಟ್ಲೆಂಡಿನ ಕಡೆ ಒಬ್ಬನೇ ಹೋಗಿದ್ದ. ಇಲ್ಲಿ ಎಲ್ಲರೂ ಅಲ್ಲಿಂದ ಸುದ್ದಿ ಬಾರದಿದ್ದರೆ ಏನು ಗತಿ ಎಂದು ಯೋಚಿಸುತ್ತಿದ್ದಾರೆ. ನಮಗೆ ಆದದ್ದು ಅದರ ತದ್ವಿರುದ್ಧ. ಅವರ ಜುಲೈ–ಆಗಸ್ಟ್ ರಜೆ ಎಂದರೆ ನಮ್ಮ ಕೊಡಗಿನ ಆಷಾಢ–ಶ್ರಾವಣದ ಮಳೆ. ಮರ ಬಿದ್ದು ವಿದ್ಯುತ್ ತಂತಿ ಹರಿಯಿತು, ಸ್ವಲ್ಪ ಹೊತ್ತಿನಲ್ಲಿ ಊರಿನ ಮೊಬೈಲ್ ಗೋಪುರವೂ ನಿಂತಿತು. ಪ್ರತಿ ರಾತ್ರಿ ವಿಡಿಯೋ ಕರೆ ಮಾಡಬೇಕೆಂದು ನಾವೇ ಅವನಿಗೆ ಕಟ್ಟಪ್ಪಣೆ ಮಾಡಿದ್ದೆವು. ಅವನು ಕರೆ ಮಾಡುತ್ತಲೇ ಇದ್ದ, ಎತ್ತುವವರಿಲ್ಲ. ಮೇಲಾಗಿ ಕೊಡಗಿನಲ್ಲಿ ಗುಡ್ಡ ಕುಸಿದ ಸುದ್ದಿಯನ್ನು ಅವನು ಅಲ್ಲಿ ನೋಡುತ್ತಿದ್ದ. 2018ರ ಆಗಸ್ಟನ್ನು ಕಂಡ ಮನೆಯ ಹುಡುಗನಿಗೆ ಆ ಸುದ್ದಿ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸವನ್ನು ಅರ್ಧಕ್ಕೆ ಬಿಟ್ಟು ಊರಿಗೆ ವಿಮಾನ ಹತ್ತಲು ಅವನು ಸಿದ್ಧನಾಗಿದ್ದ.

ಅಂದಿನಿಂದ ನಾವು ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇನೆ, ಏಕೆಂದರೆ ಇದು ಕೊಡಗಿನವರೇ ಮಾಡಿಕೊಳ್ಳಬೇಕಾದ ಏರ್ಪಾಡು. ಮೈಸೂರಿನಲ್ಲಿರುವ ನನ್ನ ತಂಗಿಯ ಮನೆಯನ್ನು ಎರಡೂ ಕಡೆಯ ಸುದ್ದಿಗೆ ನಡುಮನೆಯಾಗಿ ಇಟ್ಟುಕೊಂಡೆವು. ಅವನು ತಲುಪಿದ ಸುದ್ದಿಯನ್ನು ನಮಗೂ ಅವಳಿಗೂ ಕಳುಹಿಸುತ್ತಾನೆ. ಇಲ್ಲಿ ನೆಟ್‌ವರ್ಕ್ ಹೋದರೆ ಕುಶಾಲನಗರದ ಕಡೆ ಹೋಗುವ ಯಾರಾದರೂ ಒಬ್ಬರು ಅಲ್ಲಿಂದ ಅವಳಿಗೆ ಫೋನ್ ಮಾಡಿ ಎರಡೂ ಕಡೆಯ ಸುದ್ದಿಯನ್ನು ಮುಟ್ಟಿಸುತ್ತಾರೆ. ವಿಡಿಯೋ ಕರೆಯ ಕಟ್ಟಳೆಯನ್ನು ಕೈಬಿಟ್ಟೆವು. ಊರಿನಿಂದ ಹೊರಡುವಾಗ ಒಂದು ಸಾಲು, ಮುಂದಿನ ಊರು ತಲುಪಿದಾಗ ಒಂದು ಸಾಲು, ಇಷ್ಟೇ. ಸುದ್ದಿಯಿಲ್ಲದೆ ಎಷ್ಟು ಹೊತ್ತಾದರೆ ಯಾರು ಏನು ಮಾಡಬೇಕು ಎಂಬುದನ್ನೂ ಮೊದಲೇ ಮಾತನಾಡಿಕೊಂಡೆವು. ತಲುಪಬೇಕಾದ ಹೊತ್ತಿನಿಂದ ಹನ್ನೆರಡು ಗಂಟೆ ಕಳೆದರೆ ತಂಗಿಯು ಅವನು ಉಳಿಯಬೇಕಾದ ಹಾಸ್ಟೆಲಿಗೆ ಫೋನ್ ಮಾಡುತ್ತಾಳೆ, ಇಪ್ಪತ್ತನಾಲ್ಕು ಗಂಟೆ ಕಳೆದರೆ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಗೆ. ಅದಕ್ಕಿಂತ ಮೊದಲು ಯಾರೂ ಗಾಬರಿಯಾಗಬಾರದು, ಅವನ ಗೆಳೆಯರಿಗೆಲ್ಲ ಫೋನ್ ಮಾಡಿ ಅವನನ್ನು ಮುಜುಗರಕ್ಕೆ ಈಡುಮಾಡಬಾರದು. ಈ ಮಾತು ಆದ ಮೇಲೆ ನನ್ನ ಹೆಂಡತಿ ನೆಮ್ಮದಿಯಿಂದ ಮಲಗುವಂತಾದಳು. ಅವಳನ್ನು ಕಾಡುತ್ತಿದ್ದದ್ದು ಮಗನ ದೂರಕ್ಕಿಂತ ಹೆಚ್ಚಾಗಿ, ಸುದ್ದಿ ಬಾರದಿದ್ದಾಗ ತಾನೇನು ಮಾಡಬೇಕೆಂದು ತಿಳಿಯದೆ ಕುಳಿತಿರಬೇಕಾದ ಸ್ಥಿತಿ.

ಮಾರ್ಚ್‌ನಲ್ಲಿ ನಿಮಗೆ ಮಳೆಯ ತೊಂದರೆಯಿಲ್ಲ. ಆದರೆ ಕಾಫಿ ಹೂವು ಅರಳಲು ಬೇಕಾದ ಹೂಮಳೆ ಬಾರದಿದ್ದರೆ ಯಜಮಾನರು ಹಗಲೂ ರಾತ್ರಿಯೂ ತೋಟಕ್ಕೆ ನೀರು ಹಾಯಿಸುವ ಪಂಪಿನ ಬಳಿಯೇ ಇರುತ್ತಾರೆ, ತೋಟದ ಇಳಿಜಾರಿನಲ್ಲಿ ಸಿಗ್ನಲ್ ಇರುವುದಿಲ್ಲ. ಹಾಗಾಗಿ ನಿಮಗೂ ಅಂಥ ಒಂದು ಮನೆ ಬೇಕು. ಇನ್ನೊಂದು ಮಾತು: ಮಾರ್ಚ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವ ಅವರು ಆಮೇಲೆ ಮೂರೂವರೆ ಗಂಟೆ ಹಿಂದಿರುತ್ತಾರೆ. ಇದನ್ನು ತಿಳಿಯದೆ ಅನವಶ್ಯಕವಾಗಿ ಕಾದು ಕುಳಿತ ಮನೆಗಳಿವೆ.


ಮಡಿಕೇರಿಯ ನಿವೃತ್ತ ಬ್ಯಾಂಕ್ ನೌಕರ

ಹಣದ ವಿಷಯವನ್ನು ನಾನು ಹೇಳುತ್ತೇನೆ. ವಿದ್ಯಾರ್ಥಿ ವೀಸಾಕ್ಕಾಗಿ ಜರ್ಮನಿಯಲ್ಲಿ ತೆರೆಯುವ ನಿರ್ಬಂಧಿತ ಖಾತೆಯಲ್ಲಿ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಇಡಬೇಕಾಗಿದೆ, ಅದರಿಂದ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಅದು ಬಾಡಿಗೆ, ವಿಮೆ, ಊಟಕ್ಕೆಂದು ಲೆಕ್ಕ ಹಾಕಿದ ಹಣ. ಪ್ರವಾಸಕ್ಕೆ ಅದರಿಂದ ತೆಗೆದರೆ ಏಪ್ರಿಲ್ ತಿಂಗಳು ಇಕ್ಕಟ್ಟಿನದಾಗುತ್ತದೆ. ಹಿರಿಯರು ಹೇಳಿದಂತೆ ಕೆಲಸ ಮಾಡುವ ಅವಕಾಶವಂತೂ ಇದೆ, ವರ್ಷಕ್ಕೆ 140 ಪೂರ್ಣ ದಿನಗಳು ಅಥವಾ 280 ಅರ್ಧ ದಿನಗಳು. ಆದರೆ ಆ ಮಿತಿಯೊಳಗೆ ದುಡಿಯುವ ವಿದ್ಯಾರ್ಥಿಗೆ ವರ್ಷದಲ್ಲಿ ಎರಡು ವಾರ ತನ್ನ ದುಡಿಮೆಯ ಹಣದಲ್ಲಿ ಪ್ರಯಾಣ ಮಾಡಲು ಯಾವ ಅಡ್ಡಿಯೂ ಇರಬೇಕಾಗಿಲ್ಲ. ನಾನಾಗಿದ್ದರೆ ಒಂದೇ ಷರತ್ತು ಹಾಕುತ್ತಿದ್ದೆ: ಏಪ್ರಿಲ್‌ನ ಬಾಡಿಗೆ ಮತ್ತು ವಿಮೆಯ ಕಂತು ಖಾತೆಯಲ್ಲಿ ಬೇರೆಯಾಗಿ ಉಳಿದಿರಬೇಕು, ಹಠಾತ್ತಾಗಿ ಡ್ರೆಸ್ಡನ್‌ಗೆ ಹಿಂದಿರುಗುವ ಟಿಕೆಟಿನ ಹಣವೂ ಮುಟ್ಟದೆ ಇರಬೇಕು.

ಕಾರ್ಡುಗಳು ಎರಡಿರಲಿ, ಎರಡೂ ಒಂದೇ ಪರ್ಸಿನಲ್ಲಿ ಇರದಿರಲಿ. ಜೆಕ್ ದೇಶದಲ್ಲಿ ಯೂರೋ ಅಲ್ಲ, ಕೊರೂನಾ ನಡೆಯುತ್ತದೆ. ಎಟಿಎಂನಲ್ಲಾಗಲಿ ಅಂಗಡಿಯಲ್ಲಾಗಲಿ ಯಂತ್ರವು ನಿಮ್ಮ ಹಣದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆಂದು ಹೇಳಿ ಸ್ಥಳೀಯ ಹಣವನ್ನೇ ಆರಿಸಬೇಕು. ಇಲ್ಲದಿದ್ದರೆ ವಿನಿಮಯ ದರದಲ್ಲಿ ನಷ್ಟ ಖಚಿತ. ಪ್ರಾಗ್‌ನ ಬೀದಿಬದಿಯ ವಿನಿಮಯ ಅಂಗಡಿಗಳ ಬಗ್ಗೆ ಎಷ್ಟು ದೂರುಗಳಿದ್ದವೆಂದರೆ, 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿ ಹಣ ಹಿಂಪಡೆಯುವ ಹಕ್ಕನ್ನು 2019ರಲ್ಲಿ ಕಾನೂನಿನ ಮೂಲಕವೇ ಗ್ರಾಹಕರಿಗೆ ಕೊಟ್ಟರು. ರಶೀದಿಯನ್ನು ಕೇಳಿ ಪಡೆದುಕೊಳ್ಳಲಿ.

ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು, ನಂತರ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿ ಕೊಡುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಹಿಂದಿರುಗುವ ಒಂದು ಪ್ರಯಾಣಕ್ಕೆ ಮಾತ್ರ. ಓದಿಗೆ ಮರಳಬೇಕಾದವಳು ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ಪ್ರಾಗ್, ವಿಯೆನ್ನಾ, ಲ್ಯುಬ್ಲಿಯಾನಾ, ರೋಮ್ ನಾಲ್ಕೂ ಕಡೆ ನಮ್ಮ ರಾಯಭಾರ ಕಚೇರಿಗಳಿವೆ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡಿದ್ದರೆ ನೆರವು ಕೇಳುವುದು ಸುಲಭವಾಗುತ್ತದೆ.


ಕುಶಾಲನಗರದ ವಿದ್ಯಾರ್ಥಿನಿ, ಈಗ ಜರ್ಮನಿಯಲ್ಲಿ

ಆಂಟಿ, ನಾನು ಈಗ ಇಲ್ಲಿಯೇ ಓದುತ್ತಿರುವವಳು. ರೈಲಿನ ವಿಷಯವಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ರೈಲು ನಿಲ್ದಾಣವೇ ಇಲ್ಲ. ಮೈಸೂರಿಗೆ ಹೋಗಿಯೇ ರೈಲು ಹತ್ತಬೇಕಾದ ನಮ್ಮಂಥವರು ರೈಲು ಬದಲಾಯಿಸುವ ಅಭ್ಯಾಸವಿಲ್ಲದೆ ಇಲ್ಲಿಗೆ ಬಂದಿರುತ್ತೇವೆ. ಬಸ್ಸಿನಲ್ಲಾದರೆ ಕಂಡಕ್ಟರನ್ನು ಕೇಳಬಹುದು. ಇಲ್ಲಿ ಪ್ರಯಾಣಿಕನೇ ಫಲಕ ನೋಡಿ ತಿಳಿದುಕೊಳ್ಳಬೇಕು. ಒಂದೇ ರೈಲಿನ ಬೋಗಿಗಳು ಮಧ್ಯದಾರಿಯಲ್ಲಿ ಬೇರ್ಪಟ್ಟು ಬೇರೆ ಬೇರೆ ಊರುಗಳಿಗೆ ಹೋಗುವುದುಂಟು, ರಾತ್ರಿ ರೈಲುಗಳಲ್ಲಂತೂ ಇದು ಸಾಮಾನ್ಯ. ಹತ್ತಿದ ಬೋಗಿಯ ಸಂಖ್ಯೆ ಟಿಕೆಟಿನಲ್ಲಿ ಇರುವುದೇ ಎಂದು ನೋಡಿಕೊಂಡೇ ಕುಳಿತುಕೊಳ್ಳಬೇಕು.

ಜರ್ಮನಿ ಟಿಕೆಟು ಎಂಬ ದೇಶವ್ಯಾಪಿ ಪಾಸು ಇದೆಯಲ್ಲ, ಅದರಲ್ಲೇ ಹೋಗಬಹುದು ಎಂದು ಕೆಲವರು ಭಾವಿಸುತ್ತಾರೆ. ಅದು ಸ್ಥಳೀಯ ಮತ್ತು ಪ್ರಾದೇಶಿಕ ರೈಲುಗಳಿಗೆ ಮಾತ್ರ, ದೂರದ ವೇಗದ ರೈಲುಗಳಿಗೂ, ಗಡಿಯ ಹತ್ತಿರದ ಕೆಲವು ನಿಲ್ದಾಣಗಳನ್ನು ಬಿಟ್ಟರೆ ಗಡಿಯಾಚೆಯ ಪ್ರಯಾಣಕ್ಕೂ ನಡೆಯುವುದಿಲ್ಲ. ಯುರೋಪ್ ಸುತ್ತುವ ಪಾಸಿನ ವಿಷಯದಲ್ಲಿಯೂ ಗೊಂದಲವಿದೆ. ಹೊರಗಿನಿಂದ ಬರುವ ಪ್ರವಾಸಿಗಳಿಗೆ ಯುರೇಲ್, ಯುರೋಪಿನಲ್ಲಿ ವಾಸವಾಗಿರುವವರಿಗೆ ಇಂಟರ್‌ರೇಲ್. ನಮ್ಮ ಪೌರತ್ವ ಭಾರತದ್ದಾದರೂ ವಾಸ ಇಲ್ಲಿಯಾದ್ದರಿಂದ ನಮಗೆ ಸಲ್ಲುವುದು ಇಂಟರ್‌ರೇಲ್. 27 ವರ್ಷದವರೆಗೆ ಯುವಜನರ ದರವೂ ಇದೆ. ವಾಸವಿರುವ ದೇಶದೊಳಗೆ ಮಾತ್ರ ಹೊರಗೆ ಹೋಗಲು ಒಮ್ಮೆ, ಒಳಗೆ ಬರಲು ಒಮ್ಮೆ ಅದನ್ನು ಬಳಸಬಹುದು. ನಿಮ್ಮ ಮಗಳ ದಾರಿ ಚಿಕ್ಕದು. ಡ್ರೆಸ್ಡನ್‌ನಿಂದ ಪ್ರಾಗ್‌ಗೆ ಎರಡೂವರೆ ಗಂಟೆಯೊಳಗಿನ ಪ್ರಯಾಣ, ಅಲ್ಲಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆ. ಇಷ್ಟಕ್ಕೆ ಪಾಸಿಗಿಂತ ಮುಂಚಿತವಾಗಿ ಕೊಂಡ ಬಿಡಿ ಟಿಕೆಟುಗಳೇ ಅಗ್ಗವಾಗಬಹುದು, ಎರಡನ್ನೂ ಲೆಕ್ಕ ಹಾಕಿ ನೋಡಲಿ.

ಬಿಡಿ ಟಿಕೆಟು ಕೊಳ್ಳುವಾಗ ಒಂದು ಎಚ್ಚರ ಬೇಕು. ಎರಡು ರೈಲುಗಳನ್ನು ಬದಲಾಯಿಸಿ ಹೋಗುವ ದಾರಿಗೆ ಒಂದೇ ಟಿಕೆಟು ಇದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ರೈಲಿನಲ್ಲಿ ಕಳುಹಿಸುವ ಹೊಣೆ ರೈಲಿನವರದು. ಆ ರಾತ್ರಿ ಮುಂದೆ ಹೋಗಲು ಸಾಧ್ಯವಾಗದಿದ್ದರೆ ಉಳಿದುಕೊಳ್ಳುವ ವ್ಯವಸ್ಥೆಯನ್ನೂ ಅವರು ಮಾಡಬೇಕು. ಒಂದು ಗಂಟೆ ತಡವಾದರೆ ಟಿಕೆಟಿನ ಶೇ 25, ಎರಡು ಗಂಟೆಯಾದರೆ ಶೇ 50 ಹಣ ಹಿಂದಿರುಗುತ್ತದೆ. ಎರಡು ಕಡೆ ಎರಡು ಬೇರೆ ಟಿಕೆಟುಗಳನ್ನು ಕೊಂಡಿದ್ದರೆ ತಪ್ಪಿದ ರೈಲಿಗೆ ನಾವೇ ಹೊಣೆ. ಕಳೆದ ವರ್ಷ ನನ್ನ ಸಹಪಾಠಿಯೊಬ್ಬಳು ಅಗ್ಗವೆಂದು ರೈಲಿಗೊಂದು, ಮುಂದಿನ ಬಸ್ಸಿಗೊಂದು ಟಿಕೆಟು ಕೊಂಡಿದ್ದಳು. ರೈಲು ತಡವಾಗಿ, ಬಸ್ಸು ಹೊರಟುಹೋಗಿ, ಆ ರಾತ್ರಿಯ ಕೋಣೆಗೆ ತೆತ್ತ ಹಣ ಉಳಿಸಿದ ಹಣಕ್ಕಿಂತ ಹೆಚ್ಚಾಯಿತು. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ.

ವಿಯೆನ್ನಾದಿಂದ ಲ್ಯುಬ್ಲಿಯಾನಾಕ್ಕೆ ಹಗಲು ರೈಲಿನಲ್ಲಿ, ಸೆಮ್ಮರಿಂಗ್ ಘಟ್ಟದ ಮೂಲಕವೇ ಹೋಗಲಿ ಎಂಬುದು ನನ್ನ ಪ್ರೀತಿಯ ಸಲಹೆ. 1854ರಲ್ಲಿ ತೆರೆದ ಆ ಘಟ್ಟದ ಮಾರ್ಗ ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮಾರ್ಚ್‌ನಲ್ಲಿ ಮೇಲುಗಡೆ ಇನ್ನೂ ಹಿಮವಿರುತ್ತದೆ. ಒಂದು ವೇಳೆ ರಾತ್ರಿ ರೈಲನ್ನೇ ಹಿಡಿಯಬೇಕಾಗಿ ಬಂದರೆ ಆಸ್ಟ್ರಿಯಾದ ನೈಟ್‌ಜೆಟ್ ರೈಲುಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾದ ಕಂಪಾರ್ಟ್‌ಮೆಂಟನ್ನು ಕೇಳಿ ಪಡೆಯಬಹುದು.


ಸಿದ್ದಾಪುರದ ಕಾಫಿ ವ್ಯಾಪಾರಿ

ಇಷ್ಟು ಜನ ಬರೆದಿದ್ದರೂ ಆ ಹುಡುಗಿ ಟ್ರಿಯೆಸ್ಟೆಯನ್ನು ಏಕೆ ಆರಿಸಿಕೊಂಡಳು ಎಂದು ಯಾರೂ ಕೇಳಲಿಲ್ಲ. ಯುರೋಪಿಗೆ ಹೋದ ನಮ್ಮವರು ಸಾಮಾನ್ಯವಾಗಿ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎನ್ನುತ್ತಾರೆ. ಟ್ರಿಯೆಸ್ಟೆ ಕಾಫಿಯ ಬಂದರು. ಆಗ ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಆರನೆಯ ಚಾರ್ಲ್ಸ್ 1719ರಲ್ಲಿ ಅದನ್ನು ಸುಂಕಮುಕ್ತ ಬಂದರೆಂದು ಘೋಷಿಸಿದ ಮೇಲೆ ಅದು ಬೆಳೆಯಿತು, ವಿಯೆನ್ನಾದ ಕಾಫಿ ಮನೆಗಳಿಗೆ ಬೀಜ ಹೋಗುತ್ತಿದ್ದದ್ದು ಆ ದಾರಿಯಿಂದ. ‘ಇಲ್ಲಿ’ (illy) ಎಂಬ ಹೆಸರಿನ ಇಟಲಿಯ ಕಾಫಿ ಕಂಪನಿ 1933ರಲ್ಲಿ ಆರಂಭವಾದದ್ದೂ ಟ್ರಿಯೆಸ್ಟೆಯಲ್ಲಿಯೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ, ಭಾರತದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು. ಎಸ್ಪ್ರೆಸೊದ ಮೇಲಿನ ದಟ್ಟ ನೊರೆಗಾಗಿ ಅವರು ನಮ್ಮ ರೊಬಸ್ಟಾವನ್ನು ಬೆರೆಸುತ್ತಾರೆ. ತಲೆಮಾರುಗಳಿಂದ ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಚೀಲ ಕಟ್ಟಿ ಕಳುಹಿಸುತ್ತಿರುವ ನಾವು ಅದು ಹೋಗಿ ಸೇರುವ ಊರನ್ನು ಕಂಡಿಲ್ಲ. ಬೆಳೆಗಾರರ ಮನೆಯ ಹೆಣ್ಣುಮಗಳೊಬ್ಬಳು ತನ್ನ ರಜೆಯಲ್ಲಿ, ತನ್ನ ಇಚ್ಛೆಯಿಂದ ಆ ಊರನ್ನು ನೋಡಲು ಹೊರಟಿದ್ದಾಳೆಂದರೆ ಅದನ್ನು ಸುತ್ತಾಟ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಇಂಥ ಉದ್ದೇಶವಿದ್ದವರಿಗೆ ಒಬ್ಬರೇ ಹೋಗುವುದು ಅನುಕೂಲವೂ ಹೌದು. ಜೊತೆಗಾರರಿಗೆ ವೆನಿಸ್ ಬೇಕಿರುತ್ತದೆ, ಹಳೆಯ ಗೋದಾಮಿನ ಬೀದಿಯಲ್ಲಿ ಒಂದಿಡೀ ದಿನ ಕಳೆಯಲು ಯಾರು ಬರುತ್ತಾರೆ?


ನಾಪೋಕ್ಲಿನ ಹಿರಿಯ

ಟ್ರಿಯೆಸ್ಟೆಯ ಈ ವಿಷಯ ನನಗೆ ತಿಳಿದಿರಲಿಲ್ಲ. ಒಬ್ಬಳೇ ಎಂಬ ನನ್ನ ಆತಂಕ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆದರೆ ಹಗಲಿನಲ್ಲಿ ತಲುಪುವ ರೈಲು, ಮೈಸೂರಿನಂಥ ಕಡೆ ಸುದ್ದಿಗೊಂದು ಮನೆ, ಮುಟ್ಟದೆ ಉಳಿಸಿದ ಹಣ, ಈ ಮೂರೂ ಇದ್ದರೆ ನನ್ನ ವಿರೋಧವನ್ನು ಮುಂದುವರಿಸುವುದಿಲ್ಲ. ಅತ್ತೆಯವರಿಗೂ ಇವುಗಳನ್ನು ಬಿಡಿಸಿ ಹೇಳಿ. ಹೋಗುತ್ತಾಳೆ ಎಂದಷ್ಟೇ ಹೇಳಿದರೆ ಅವರು ಹೆದರುತ್ತಾರೆ, ಹೇಗೆ ಹೋಗುತ್ತಾಳೆ ಎಂದು ಹೇಳಿದರೆ ಕೇಳುತ್ತಾರೆ.


ಸೋಮವಾರಪೇಟೆಯ ತಂದೆ

ಇದನ್ನು ಓದುವ ಬೇರೆ ಪೋಷಕರಿಗಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಹೇಳಿದ ವೀಸಾ ಸೌಲಭ್ಯ ಷೆಂಗೆನ್ ದೇಶಗಳಲ್ಲಿ ಓದುವವರಿಗೆ ಮಾತ್ರ. ಬ್ರಿಟನ್ನಿನಲ್ಲಿ ಓದುವ ನಮ್ಮ ಮಕ್ಕಳು ಫ್ರಾನ್ಸಿಗೋ ಇಟಲಿಗೋ ಹೋಗಬೇಕಾದರೆ ಪ್ರತ್ಯೇಕವಾಗಿ ಷೆಂಗೆನ್ ವೀಸಾ ಪಡೆಯಬೇಕು, ಈಸ್ಟರ್ ರಜೆಯ ಮುಂಚೆ ಅದರ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ. ಕ್ರಿಸ್‌ಮಸ್ ರಜೆಯಲ್ಲಿ ಹೊರಡುವವರು ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲುಗಳು ಬಹುತೇಕ ಓಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಮೆರಿಕದಲ್ಲಿ ಓದುವವರು ದೇಶದ ಹೊರಗೆ ಹೋಗುವ ಮೊದಲು ಐ-20 ಎಂಬ ವಿದ್ಯಾರ್ಥಿ ದಾಖಲೆ ಪತ್ರದ ಮೇಲೆ ವಿಶ್ವವಿದ್ಯಾಲಯದ ಅಧಿಕಾರಿಯ ಪ್ರಯಾಣದ ಸಹಿ ಇದೆಯೇ, ವೀಸಾ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.


ವಿರಾಜಪೇಟೆಯ ಬೆಳೆಗಾರ್ತಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಮಗಳೊಡನೆ ಮಾತನಾಡಿದೆ. ನಿವಾಸ ಪರವಾನಗಿ ಮುಂದಿನ ವರ್ಷದವರೆಗೆ ಇದೆ, ಮರುನೋಂದಣಿಯ ಶುಲ್ಕವನ್ನು ಕಟ್ಟಿದ್ದಾಳೆ, ಕೊನೆಯ ಪರೀಕ್ಷೆ ಮಾರ್ಚ್ ಮೊದಲ ವಾರದಲ್ಲಿ ಮುಗಿಯುತ್ತದೆ. ಟ್ರಿಯೆಸ್ಟೆಯ ಬಗ್ಗೆ ಕೇಳಿದಾಗ, ನಮ್ಮ ತೋಟದ ಕಾಫಿ ಹೋಗುವ ದಾರಿಯನ್ನು ನೋಡಬೇಕು ಎಂದಳು. ಪಕ್ಕದಲ್ಲಿದ್ದ ಅವಳ ತಂದೆಗೆ ಆ ಮಾತು ಬಹಳ ಹಿಡಿಸಿತು. ಪ್ರತ್ಯೇಕ ವಿಮೆ ಮಾಡಿಸಿಕೊಳ್ಳುತ್ತಾಳೆ. ಎರಡು ವಾರದಲ್ಲಿ ಐದು ಊರು ಹೆಚ್ಚಾಯಿತೆಂದು ಅವಳೇ ಯೋಚಿಸಿ ವೆನಿಸ್‌ನ ವಾಸವನ್ನು ಕೈಬಿಟ್ಟು ಟ್ರಿಯೆಸ್ಟೆಯಲ್ಲಿ ಹೆಚ್ಚು ದಿನ ಇರುವುದಾಗಿ ನಿರ್ಧರಿಸಿದ್ದಾಳೆ. ಸುದ್ದಿಗೆ ಮೈಸೂರಿನ ನನ್ನ ಅಣ್ಣನ ಮನೆಯನ್ನು ಗೊತ್ತುಮಾಡಿದ್ದೇವೆ. ಅತ್ತೆಯವರು ಇನ್ನೂ ಸಂಪೂರ್ಣವಾಗಿ ಒಪ್ಪಿಲ್ಲ, ಆದರೆ ಯಾವ ದಿನ ಯಾವ ಊರಿನಲ್ಲಿರುತ್ತಾಳೆ ಎಂದು ಬರೆದುಕೊಡಲು ಕೇಳಿದ್ದಾರೆ.

ಕೊನೆಯದಾಗಿ ಎರಡು ಪ್ರಶ್ನೆಗಳು ಉಳಿದಿವೆ. ಅವಳ ಜರ್ಮನಿಯ ಸಿಮ್ ಉಳಿದ ದೇಶಗಳಲ್ಲಿ ನಡೆಯುತ್ತದೆಯೇ, ಬೇರೆ ಕೊಳ್ಳಬೇಕೇ? ಮನೆಯಲ್ಲಿ ಬರೆದಿಡುವ ಹಾಳೆಯಲ್ಲಿ ಏನೇನಿರಬೇಕು?


ಕುಶಾಲನಗರದ ವಿದ್ಯಾರ್ಥಿನಿ, ಈಗ ಜರ್ಮನಿಯಲ್ಲಿ

ಬೇರೆ ಸಿಮ್ ಬೇಕಾಗುವುದಿಲ್ಲ, ಆಂಟಿ. 2017ರಿಂದ ಒಕ್ಕೂಟದ ದೇಶಗಳೊಳಗೆ ರೋಮಿಂಗಿನ ಹೆಚ್ಚುವರಿ ಶುಲ್ಕವಿಲ್ಲ, ಆದ್ದರಿಂದ ಅವಳ ಸಂಖ್ಯೆ ಈ ನಾಲ್ಕೂ ದೇಶಗಳಲ್ಲಿ ಮನೆಯಲ್ಲಿದ್ದಂತೆಯೇ ನಡೆಯುತ್ತದೆ. ಇಂಟರ್ನೆಟ್ ಬಳಕೆಗೆ ಕಂಪನಿಯವರು ಮಿತಿ ಇಟ್ಟಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಲಿ. ಹಾಳೆಯಲ್ಲಿ ಅವಳ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿಯ ಸಂಖ್ಯೆಗಳು, ವಿಮಾ ಪಾಲಿಸಿಯ ಸಂಖ್ಯೆ, ಪ್ರತಿ ಊರಿನ ಹಾಸ್ಟೆಲಿನ ಹೆಸರು, ವಿಳಾಸ, ಫೋನ್, ಯಾವ ರೈಲಿನಲ್ಲಿ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ತಲುಪುತ್ತಾಳೆ ಎಂಬುದು, ನಾಲ್ಕು ರಾಯಭಾರ ಕಚೇರಿಗಳ ತುರ್ತು ಸಂಖ್ಯೆಗಳು, ಡ್ರೆಸ್ಡನ್‌ನಲ್ಲಿ ಅವಳ ಜೊತೆ ವಾಸಿಸುವ ಒಬ್ಬರ ಸಂಖ್ಯೆ ಇರಲಿ. ರೈಲಿನ ಹೊತ್ತುಗಳನ್ನು ಅಲ್ಲಿನ ಸಮಯದಲ್ಲೂ ನಮ್ಮ ಸಮಯದಲ್ಲೂ ಬರೆಯಿರಿ. ಒಂದು ಪ್ರತಿ ಮೈಸೂರಿನ ನಿಮ್ಮ ಅಣ್ಣನವರ ಮನೆಯಲ್ಲಿ, ಒಂದು ಅತ್ತೆಯವರ ಕೈಯಲ್ಲಿ. ದಾರಿ ಬದಲಾದರೆ ಅವಳು ಮೊದಲು ಹಾಳೆಯನ್ನು ತಿದ್ದಿಸಿ ಆಮೇಲೆ ಹೊರಡಬೇಕು. ಮುಖ್ಯವಾಗಿ, ಹಿಂದಿರುಗುವಾಗ ಸ್ವಿಟ್ಜರ್ಲೆಂಡ್ ಮೂಲಕ ಬರುವ ಯೋಚನೆಯೇನಾದರೂ ಬಂದರೆ, ಅಲ್ಲಿ ರೋಮಿಂಗಿನ ಈ ನಿಯಮವೂ ಇಲ್ಲ, ವಿಮಾ ಕಾರ್ಡಿನ ಹಿಂಬದಿಯೂ ನಡೆಯುವುದಿಲ್ಲ ಎಂಬುದನ್ನು ಈಗಲೇ ತಿಳಿಸಿಬಿಡಿ.